ಗೋಡೆ ಗೂಡಿನ ಬಲ್ಬು

ಮರುಳಸಿದ್ದಮ್ಮನಿಗೆ ಯಾರಾದರೂ ‘ಹೀಗೆ ಮಾಡಬಾರದು’ ಎಂದರೆ ಅವಳು ಎದುರಾಡುತ್ತಿರಲಿಲ್ಲ. ತಲೆಯನ್ನು ಒಂದಿಷ್ಟು ಓರೆ ಮಾಡಿ, ಮಾಡಬಾರದ್ದು ಯಾವುದು ಎಂದು ಇನ್ನೊಮ್ಮೆ ಕೇಳಿ ತಿಳಿದುಕೊಳ್ಳುತ್ತಿದ್ದಳು. ಹೇಳಿದವರು ಹೇಳಿದ್ದಷ್ಟನ್ನು ಚಾಚೂ ತಪ್ಪದೆ ಬಿಟ್ಟುಬಿಡುತ್ತಿದ್ದಳು. ಅವರು ಹೇಳಲು ಮರೆತದ್ದು ಮಾತ್ರ ಅವಳ ಪಾಲಿನದು.

ತಾಳ್ಯದಿಂದ ಚಿತ್ರದುರ್ಗಕ್ಕೆ ಸೊಸೆಯಾಗಿ ಬಂದ ವರ್ಷವೇ ಅತ್ತೆ ವೀರಮ್ಮನಿಗೆ ಇದು ಗೊತ್ತಾಗಿತ್ತು. “ಸೊಸೆಯಾದೋಳು ಬೀದಿ ಜಗುಲಿ ಮ್ಯಾಲೆ ಕುಂತ್ಕಬಾರ್ದು” ಎಂದು ವೀರಮ್ಮ ಹೇಳಿದ ಮರುದಿನ, ಹಿತ್ತಲಲ್ಲಿ ಬಿದ್ದಿದ್ದ ಒಡಕು ಒರಳುಕಲ್ಲೊಂದು ಉರುಳಿಕೊಂಡು ಬಂದು ತಲೆಬಾಗಿಲ ಪಕ್ಕ, ಜಗುಲಿಗೆ ತಾಗದ ಹಾಗೆ, ಬೋರಲಾಗಿ ನಿಂತಿತು. ಸೊಸೆ ಅದರ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಬೀದಿಯೆಲ್ಲ ಕಾಣುತ್ತಿತ್ತು. ವೀರಮ್ಮ ಹೊರಬಂದು ಒರಳನ್ನು ನೋಡಿದಳು, ಸೊಸೆಯನ್ನು ನೋಡಿದಳು, ಒಳಗೆ ಹೋಗಿ ಮಗನ ಮುಂದೆ, “ನಿನ್ನ ಹೆಂಡ್ತಿ ನಾನು ಹೇಳಿದ ಮಾತು ಮೀರಲ್ಲ ಕಣಪ್ಪ. ಪಕ್ಕದಾಗೆ ಹೋಗ್ತಾಳೆ” ಎಂದಳು. ಮಗ ಏಕಾಂತಪ್ಪ ಹತ್ತಿಯ ಮಂಡಿಯಲ್ಲಿ ಗುಮಾಸ್ತ. ಅವನಿಗೆ ಹೆಂಡತಿ ಎಂದರೆ ಪ್ರೀತಿ, ತಾಯಿ ಎಂದರೆ ಅಂಜಿಕೆ, ಸರ್ಕಾರ ಎಂದರೆ ಎರಡಕ್ಕೂ ಮೀರಿದ ನಡುಕ. ಅವನು ಪೇಟ ಸರಿಮಾಡಿಕೊಂಡು ಮಂಡಿಗೆ ಹೋದನು.

ಆ ಒರಳಿನ ಮೇಲೆ ಕುಳಿತೇ ಮರುಳಸಿದ್ದಮ್ಮನಿಗೆ ಪಕ್ಕದ ಮನೆಯ ಜುಂಜಮ್ಮನ ಸ್ನೇಹವಾದದ್ದು.

ಜುಂಜಮ್ಮ ಕಂಬಳಿಯವಳು. ಗಂಡ ಮಗ್ಗದ ಕುಳಿಯಲ್ಲೇ ಆಯಸ್ಸು ಕಳೆದು ಹೋಗಿದ್ದ. ಅವನ ತರುವಾಯ ಜುಂಜಮ್ಮ ಹಗಲು ನೇಕಾರರ ಅಂಗಳಗಳಲ್ಲಿ ನೂಲಿಗೆ ಹುಣಸೆಬೀಜದ ಗಂಜಿ ಹಾಕುತ್ತಿದ್ದಳು. ಸಂಜೆ ಮನೆಗೆ ಬಂದು, ನೇಯ್ದ ಎರಡೆರಡು ಪಟ್ಟಿಗಳನ್ನು ಜೋಡಿಸಿ ಕಂಬಳಿ ಮಾಡಿ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಹೊದ್ದವರಿಗೆ ತಿಳಿಯುತ್ತಿರಲಿಲ್ಲ, ಬೆರಳಿಗೂ ಸಿಗುತ್ತಿರಲಿಲ್ಲ. ಹೊಸದುರ್ಗದ ಕಡೆಯ ಕುರಿಯವರು “ಜುಂಜಮ್ಮನ ಹೊಲಿಗೇನಾ?” ಎಂದು ಕೇಳಿಯೇ ಕಂಬಳಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಇಬ್ಬರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಮರುಳಸಿದ್ದಮ್ಮನದು ಹೆಂಚಿನ ಮನೆ, ಜುಂಜಮ್ಮನದು ಹುಲ್ಲಿನ ಮಾಡು.

ಈ ಹೆಂಚು, ಈ ಹುಲ್ಲು ಅಲ್ಲಿಯವರೆಗೆ ಯಾರಿಗೂ ಲೆಕ್ಕವಾಗಿರಲಿಲ್ಲ. ದುರ್ಗಕ್ಕೆ ಕರೆಂಟು ಬಂದ ಮೇಲೆ ಲೆಕ್ಕವಾಯಿತು.

ಮಹಾರಾಜರ ಸರ್ಕಾರ ಬೀದಿಗೆ ಕಂಬ ನೆಟ್ಟು ತಂತಿ ಎಳೆಸಿತು. ಮೊದಲ ಬಾರಿ ದೀಪ ಹತ್ತಿದ ಸಂಜೆ, ಬೆಟ್ಟದ ಬಂಡೆಗಳ ಮೇಲಿನ ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಬೀದಿಯ ಜನವೆಲ್ಲ ಹೊರಗೆ ಬಂದು ಕಂಬದ ತುದಿಗೆ ಕೈ ಮುಗಿದರು. ಮನೆಗೆ ದೀಪ ಬೇಕಾದವರು ಅರ್ಜಿ ಹಾಕಬಹುದೆಂದಾಯಿತು. ಏಕಾಂತಪ್ಪ ಬೆವರುತ್ತ ಅರ್ಜಿಗೆ ರುಜು ಹಾಕಿದನು. ಪಡಸಾಲೆಗೊಂದು, ಅಡುಗೆಮನೆಗೊಂದು ಎರಡು ಬಲ್ಬು ಬಂದವು. ಬಾಗಿಲ ಮಗ್ಗುಲಲ್ಲಿ ಹಲಗೆಯ ಮೇಲೆ ಕರಿಯ ಪೆಟ್ಟಿಗೆಯಂಥ ಮೀಟರು ಬಂದು ಕುಳಿತಿತು. ಅದರ ಮುಖಕ್ಕೆ ಗಾಜು. ಗಾಜಿನೊಳಗೆ ಬೆಳ್ಳಿಯ ಬಿಲ್ಲೆಯಂಥ ಚಕ್ರ. ದೀಪ ಹತ್ತಿದರೆ ಚಕ್ರ ತಿರುಗುತ್ತಿತ್ತು. ಯಾರೂ ಬಿಚ್ಚದಿರಲೆಂದು ಪೆಟ್ಟಿಗೆಗೆ ಸಣ್ಣ ತಂತಿ ಪೋಣಿಸಿ, ಅದರ ತುದಿಗೆ ಸೀಸದ ಗುಂಡೊಂದನ್ನು ಒತ್ತಿ, ಗುಂಡಿನ ಮೇಲೆ ಆಫೀಸಿನ ಗುರುತು ಮೂಡಿಸಿದ್ದರು. ಅದು ಸೀಲು.

ಲೈನ್‌ಮನ್ ಮಾರಪ್ಪ ಏಣಿ ಇಳಿದು ಕಾನೂನು ಹೇಳಿದನು. “ಒದ್ದೆ ಕೈಯಾಗೆ ಮುಟ್ಟಬಾರ್ದು. ಹುಲ್ಲಿನ ಮನೆಗೆ ಕರೆಂಟು ಇಲ್ಲ, ಬೆಂಕಿ ಬೀಳ್ತೈತೆ. ನಿಮ್ಮ ಮನೆಯಿಂದ ಇನ್ನೊಂದು ಮನೆಗೆ ತಂತಿ ಎಳೀಬಾರ್ದು. ಎಳೆದ್ರೆ ಲೈನ್ ಕಟ್.”

“ಇನ್ನೊಂದು ಸಲ ಹೇಳಪ್ಪ” ಎಂದಳು ಮರುಳಸಿದ್ದಮ್ಮ.

“ಇನ್ನೊಂದು ಮನೆಗೆ ತಂತಿ ಎಳೀಬಾರ್ದು ಕಣಮ್ಮ.”

“ತಂತಿ” ಎಂದು ಅವಳು ತಲೆ ಓರೆ ಮಾಡಿದಳು. ಅಡುಗೆಮನೆಯಲ್ಲಿದ್ದ ವೀರಮ್ಮ, “ಶಿವನೇ” ಎಂದಳು.

ಅಷ್ಟರಲ್ಲಿ ಜುಂಜಮ್ಮನ ಕಣ್ಣು ಮಂಜಾಗುತ್ತ ಬಂದಿತ್ತು. ಕರಿಯ ಕಂಬಳಿ, ಕರಿಯ ಉಣ್ಣೆಯ ದಾರ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಎಲ್ಲಿ ಚುಚ್ಚಿದೆ, ಎಲ್ಲಿ ಎಳೆದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಹೊಲಿಗೆ ಸೊಟ್ಟಗಾಗಿ ಎರಡು ಕಂಬಳಿಗಳು ಹಿಂದಕ್ಕೆ ಬಂದವು. ಶ್ರೀರಾಂಪುರದಿಂದ ತಮ್ಮ ಬಂದು, “ಕಣ್ಣು ಕಾಣದೋಳು ಒಬ್ಳೇ ಇಲ್ಲೇನು ಮಾಡ್ತೀಯಕ್ಕ, ನಮ್ಮನೇಗೆ ಬಂದು ಬಿದ್ದಿರು” ಎಂದು ಕರೆದುಹೋಗಿದ್ದನು. ತಮ್ಮ ಒಳ್ಳೆಯವನೇ. ಆದರೆ ಬಿದ್ದಿರುವ ಮಾತು ಜುಂಜಮ್ಮನಿಗೆ ಬೇಕಿರಲಿಲ್ಲ.

“ಹೊಲಿಗೆ ಇದ್ರೆ ಇದು ನನ್ನೂರು ಸಿದ್ದಮ್ಮ” ಎಂದು ಅವಳು ಒಂದು ಸಂಜೆ ಒರಳಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಹೇಳಿದಳು. “ಹೊಲಿಗೆ ಹೋದ್ರೆ ಎಲ್ಲಿದ್ರೇನು. ಅಲ್ಲೇ ಕುಂತು ಅವರ ಮಕ್ಕಳ ಮೂಗು ಒರೆಸ್ತೀನಿ.”

ಮರುಳಸಿದ್ದಮ್ಮ ಒಳಗೆ ಹೋಗಿ ಪಡಸಾಲೆಯ ನಡುಗೋಡೆಯ ಮುಂದೆ ನಿಂತಳು. ಹಿಂದಿನವರು ಗೋಡೆಯಲ್ಲಿ ಹಣತೆ ಇಡಲು ಒಂದು ಗೂಡು ಬಿಟ್ಟಿದ್ದರು. ಗೋಡೆಯ ಆಚೆ, ಜುಂಜಮ್ಮನ ಮನೆಯಲ್ಲೂ, ಸರಿಯಾಗಿ ಅದೇ ಜಾಗದಲ್ಲಿ ಇನ್ನೊಂದು ಗೂಡು ಇತ್ತು. ಒಬ್ಬನೇ ಕಟ್ಟಿದ ಗೋಡೆ ಇರಬೇಕು. ಎರಡು ಗೂಡುಗಳ ಬೆನ್ನಿಗೆ ಬೆನ್ನು. ನಡುವೆ ಉಳಿದದ್ದು ಅಂಗೈ ದಪ್ಪದ ಮಣ್ಣು. ಅವಳು ಬೆರಳ ಗೆಣ್ಣಿನಿಂದ ಬಡಿದು ನೋಡಿದಳು. ಡೊಳ್ಳಿನ ಸದ್ದು ಬಂದಿತು.

ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅವಳು ಚೌಳಿಕಾಯಿ ಬಿಡಿಸುವಷ್ಟೇ ಸಮಾಧಾನದಲ್ಲಿ ಆ ಮಣ್ಣನ್ನು ಉದುರಿಸಿದಳು. ತೊಲೆಯಿಂದ ಇಳಿಬಿಟ್ಟಿದ್ದ ಬಲ್ಬಿನ ತಂತಿ ಉದ್ದವಾಗಿಯೇ ಇತ್ತು. ಅದನ್ನು ಎಳೆದು, ಗೂಡಿನ ನೆತ್ತಿಗೆ ಬಡಿದ ಮೊಳೆಗೆ ಸಿಕ್ಕಿಸಿದಳು. ಬಲ್ಬು ಗೋಡೆಯ ಹೊಟ್ಟೆಯೊಳಗೆ ತೂಗಿತು. ಸಂಜೆ ಗುಂಡಿ ಒತ್ತಿದಾಗ ಎರಡು ಮನೆಗೂ ಬೆಳಗಾಯಿತು.

ಆಚೆಯಿಂದ ಜುಂಜಮ್ಮನ ಮುಖ ಗೂಡಿನಲ್ಲಿ ಮೂಡಿತು. ಬೆಳಕು ಅವಳ ಮೂಗುಬೊಟ್ಟಿಗೆ ತಾಗಿ ಸಣ್ಣ ನಕ್ಷತ್ರವಾಯಿತು. “ಎಲಾ ಇವಳ!” ಎಂದಳು. ಆಮೇಲೆ ಬಲ್ಬಿಗೆ ಕೈ ಮುಗಿದಳು.

ಏಕಾಂತಪ್ಪ ಮಂಡಿಯಿಂದ ಬಂದವನು ಗೋಡೆ ನೋಡಿ ಪಡಸಾಲೆಯಲ್ಲೇ ಕುಸಿದು ಕುಳಿತನು. “ಲೈನ್ ಕಟ್ ಮಾಡ್ತಾರೆ ಕಣೇ! ಪಕ್ಕದ ಮನೆಗೆ ಕರೆಂಟು ಕೊಟ್ಟಂಗಾಯ್ತಲ್ಲ!”

“ಎಲ್ಲಿ ಕೊಟ್ಟೀನಿ? ತಂತಿ ದಾಟೈತಾ ನೋಡ್ರಿ.”

ಅವನು ಎದ್ದು ನೋಡಿದನು. ತಂತಿ ದಾಟಿರಲಿಲ್ಲ.

“ಬೆಳಕು ದಾಟೈತಲ್ಲೇ!”

“ಬೆಳಕಿಂದು ಅವ್ರು ಹೇಳ್ಲಿಲ್ಲ” ಎಂದು ಮರುಳಸಿದ್ದಮ್ಮ ರೊಟ್ಟಿ ತಟ್ಟಲು ಹೋದಳು.

ವೀರಮ್ಮನ ತಕರಾರು ಬೇರೆಯಾಗಿತ್ತು. ಜುಂಜಮ್ಮನಿಗೆ ಬೆಳಕು ಸಿಕ್ಕಿದರೂ ದಬ್ಬಣದ ಕಣ್ಣಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದಾರ ಮುಗಿದಾಗಲೆಲ್ಲ ಅವಳು ಗೋಡೆಯನ್ನು ಟಕಟಕ ಬಡಿದು ದಬ್ಬಣವನ್ನು ಗೂಡಿನಲ್ಲಿ ಇಡುತ್ತಿದ್ದಳು. ಮರುಳಸಿದ್ದಮ್ಮ ಪೋಣಿಸಿ ಹಿಂದಕ್ಕೆ ಇಡುತ್ತಿದ್ದಳು. ದೀಪ ಹಚ್ಚಿದ ಮೇಲೆ ಮನೆಯಿಂದ ಉಪ್ಪು, ಸುಣ್ಣ, ಸೂಜಿ ಹೊರಗೆ ಕೊಡುವ ಪದ್ಧತಿ ಆ ಮನೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ.

“ಮುಸ್ಸಂಜೆಲಿ ಸೂಜಿ ಕೊಡ್ತೀಯಲ್ಲೇ, ಲಕ್ಷ್ಮಿ ಎದ್ದು ಹೋಗ್ತಾಳೆ!”

“ನಾನೆಲ್ಲಿ ಕೊಟ್ಟೆ ಅತ್ತೆ? ಅವಳ ಸೂಜಿ ಅವಳಿಗೇ ಹೋಗ್ತೈತೆ. ಹೊಸ್ತಿಲೂ ದಾಟಿಲ್ಲ.”

ವೀರಮ್ಮ ಬಹಳ ಹೊತ್ತು ಯೋಚಿಸಿದಳು. ಲಕ್ಷ್ಮಿ ಗೋಡೆಯಿಂದ ಹೋಗುತ್ತಾಳೆಂದು ಹಿರಿಯರು ಹೇಳಿದ್ದು ಅವಳಿಗೂ ನೆನಪಿಗೆ ಬರಲಿಲ್ಲ. “ಸುಣ್ಣ ಮಾತ್ರ ಕೊಡಬ್ಯಾಡ” ಎಂದು ಸುಮ್ಮನಾದಳು. ಕೆಲವೇ ದಿನಗಳಲ್ಲಿ ಅವಳೇ ಗೂಡಿನ ಹತ್ತಿರ ಮಣೆ ಹಾಕಿಕೊಂಡು, ಆಚೆಯ ಜುಂಜಮ್ಮನೊಡನೆ ಬೀದಿಯ ಸೊಸೆಯಂದಿರ ವಿಚಾರ ಮಾತಾಡತೊಡಗಿದಳು. ಮುಖ ಕಾಣುತ್ತಿತ್ತು, ಮಾತು ಕೇಳುತ್ತಿತ್ತು, ಯಾರ ಮನೆಗೂ ಯಾರೂ ಹೋದಂತಾಗುತ್ತಿರಲಿಲ್ಲ. ವೀರಮ್ಮನಿಗೆ ಇದು ಹಿಡಿಸಿತು.

ಜುಂಜಮ್ಮನ ಹೊಲಿಗೆ ಮತ್ತೆ ಬೆರಳಿಗೆ ಸಿಗದಂತಾಯಿತು. ಶ್ರೀರಾಂಪುರದ ಮಾತು ನಿಂತಿತು.

ಹೀಗಿರುವಾಗ ಆಯುಧಪೂಜೆ ಬಂದಿತು.

ವೀರಮ್ಮನ ಆಯುಧಪೂಜೆ ಎಂದರೆ ಮನೆಯಲ್ಲಿ ಕಬ್ಬಿಣ, ಕಲ್ಲು, ಮರ ಏನೊಂದೂ ತಪ್ಪಿಸಿಕೊಳ್ಳುವಂತಿಲ್ಲ. ಕುಡುಗೋಲು, ಈಳಿಗೆಮಣೆ, ಸೇರು, ಒನಕೆ ಎಲ್ಲಕ್ಕೂ ತಿಕ್ಕಿ ತೊಳೆದು ವಿಭೂತಿ. ಸೊಸೆಯ ಒಡಕು ಒರಳಿಗೂ ಒಂದು ಹೂವು. ಎಲ್ಲ ಮುಗಿಸಿ ಅವಳು ಮೀಟರಿನ ಮುಂದೆ ನಿಂತಳು. ದಿನವೂ ದೀಪ ಕೊಡುವ ಪೆಟ್ಟಿಗೆ. ಅದಕ್ಕಿಂತ ದೊಡ್ಡ ಆಯುಧ ಯಾವುದಿದೆ? ಮರುಳಸಿದ್ದಮ್ಮ ಹಿತ್ತಲಲ್ಲಿ ಹೋಳಿಗೆಯ ಬೇಳೆ ರುಬ್ಬುತ್ತಿದ್ದಳು. ವೀರಮ್ಮ ಒಣಬಟ್ಟೆಯಿಂದ ಪೆಟ್ಟಿಗೆ ಒರೆಸಿದಳು, ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದಳು. ಆಗ ಕಂಡದ್ದು ಆ ಸೀಸದ ಗುಂಡು. ಕಪ್ಪಗೆ, ತುಕ್ಕು ಹಿಡಿದ ತಂತಿಯಲ್ಲಿ, ಕೊಳೆತ ಹಲ್ಲಿನ ಹಾಗೆ ಜೋತಾಡುತ್ತಿತ್ತು. ಹಬ್ಬದ ದಿನ ದೇವರ ಕೊರಳಲ್ಲಿ ಇದೆಂಥ ಅನಿಷ್ಟ ಎಂದುಕೊಂಡು, ಅಡಕತ್ತರಿ ತಂದು ತಂತಿಯನ್ನು ಕಚಕ್ಕನೆ ಕತ್ತರಿಸಿದಳು. ಆ ಜಾಗದಲ್ಲಿ ಅರಿಸಿನದ ಕೊಂಬು ಕಟ್ಟಿದ ಹಳದಿ ದಾರವನ್ನು ಪೋಣಿಸಿ ಬಿಗಿಯಾಗಿ ಗಂಟು ಹಾಕಿದಳು. ಮದುಮಗನ ಕಂಕಣದ ಹಾಗೆ ಚೆಂದವಾಗಿ ಕಾಣಿಸಿತು.

ಕಂಕಣ ಕಂಡಾಗ ಮರುಳಸಿದ್ದಮ್ಮನ ಕೈಯಲ್ಲಿದ್ದ ಹೂರಣ ಕೆಳಗೆ ಬಿದ್ದಿತು. “ಅತ್ತೆ, ಆ ಗುಂಡು ಸರ್ಕಾರದ್ದು!”

“ಸರ್ಕಾರದ್ದಾದ್ರೆ ಇನ್ನಷ್ಟು ಒಳ್ಳೇದು ಹಾಕ್ಬೇಕಿತ್ತು” ಎಂದಳು ವೀರಮ್ಮ.

ಏಕಾಂತಪ್ಪನಿಗೆ ಹೇಳಿದರೆ ಹಬ್ಬದ ಊಟವೇ ಇಳಿಯದು, ಅವನಿಗೆ ಹೇಳಲಿಲ್ಲ. ಅವನಾಗಿ ಮೀಟರಿನತ್ತ ನೋಡುತ್ತಲೇ ಇರಲಿಲ್ಲ, ಹೆದರಿಕೆಗೆ. ಹಾಗೆ ಹಬ್ಬ ಕಳೆಯಿತು.

ಹಬ್ಬ ಕಳೆದ ವಾರ, ಬಿಸಿಲು ಬಾಗುವ ಹೊತ್ತಿಗೆ, ಓವರ್‌ಸೀಯರ್ ಗಂಗಾಧರಪ್ಪನವರು ಬಂದರು. ಹೊಳಲ್ಕೆರೆಯ ಕಡೆಯವರು, ಹೊಸದಾಗಿ ದುರ್ಗಕ್ಕೆ ವರ್ಗವಾಗಿ ಬಂದವರು, ಮನೆಮನೆಯ ಮೀಟರು ನೋಡುತ್ತಿದ್ದರು. ಕೋಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿದ್ದರು. ಹಿಂದೆ ಏಣಿ ಹೊತ್ತ ಮಾರಪ್ಪ.

ಗಂಗಾಧರಪ್ಪನವರು ಮೀಟರಿನ ಮುಂದೆ ನಿಂತು ಒಂದು ಕ್ಷಣ ಕೈ ಮುಗಿದೇಬಿಟ್ಟರು; ವಿಭೂತಿ ನೋಡಿ ಕೈ ತಾನಾಗಿ ಕೂಡಿತ್ತು. ಕೂಡಲೇ ಕೈ ಬಿಡಿಸಿಕೊಂಡು, “ಸೀಲ್ ಎಲ್ಲಿ?” ಎಂದರು.

ಏಕಾಂತಪ್ಪ ಅಂದು ಮನೆಯಲ್ಲೇ ಇದ್ದನು. ಅವನು ಎದ್ದು ಬಂದು, ಸೀಲಿನ ಜಾಗದಲ್ಲಿದ್ದ ಅರಿಸಿನದ ಕೊಂಬನ್ನು ಅಂದೇ ಮೊದಲು ನೋಡಿದನು.

“ಸೀಲ್ ಕಿತ್ತರೆ ಏನರ್ಥ ಗೊತ್ತೇನ್ರಿ? ಪೆಟ್ಟಿಗೆ ಬಿಚ್ಚಿದ್ದೀರಿ ಅಂತ. ಚಕ್ರ ಹಿಡಿದು ನಿಲ್ಲಿಸಿದ್ದೀರಿ ಅಂತ. ಕಳವು ಅಂತಾರೆ ಇದಕ್ಕೆ.”

“ಯಾರಪ್ಪ ಕಳ್ಳರು?” ಎಂದು ವೀರಮ್ಮ ಸೆರಗು ಬಿಗಿದು ಬಂದಳು. “ನಾನು ಕತ್ತರಿಸಿದ್ದು ಕಣಪ್ಪ. ಹಬ್ಬದ ದಿನ ಕೊರಳಾಗೆ ಕೊಳಕು ಗುಂಡು ಕಟ್ಟಿಕೊಂಡಿರ್ಲಿ ಅಂತೀಯಾ? ನಿಮ್ಮನೇಲಿ ಹಂಗೇ ಪೂಜೆ ಮಾಡ್ತೀರಾ?”

ಮಾರಪ್ಪ ಏಣಿಯ ಹಿಂದೆ ಮುಖ ಮುಚ್ಚಿಕೊಂಡನು. ಗಂಗಾಧರಪ್ಪನವರ ತುಟಿ ಒಮ್ಮೆ ಅಲುಗಿ ಸರಿಯಾಯಿತು. “ಆ ಗುಂಡು ಇದ್ರೆ ತೋರಿಸ್ರಿ, ಅಜ್ಜಿ. ಗುರುತು ನೆಟ್ಟಗಿದ್ರೆ ನಿಮ್ಮ ಮಾತು ನಂಬ್ತೀನಿ. ಇಲ್ಲಾಂದ್ರೆ ನನ್ನ ಕೈಲಿಲ್ಲ.”

“ಐತೆ, ಯಾಕಿಲ್ಲ? ಸೀಸ ಯಾರಾದ್ರೂ ಬಿಸಾಕ್ತಾರಾ?” ಎಂದು ವೀರಮ್ಮ ಸರಸರನೆ ಪಡಸಾಲೆಗೆ ನಡೆದಳು. ಅತ್ತೆ ಯಾವ ಕಡೆ ಹೋಗುತ್ತಿದ್ದಾಳೆಂದು ಮರುಳಸಿದ್ದಮ್ಮನಿಗೆ ಗೊತ್ತಾಯಿತು, ತಡೆಯುವ ಹೊತ್ತು ಮೀರಿತ್ತು.

ವೀರಮ್ಮ ಗೂಡಿನೊಳಗೆ ಬಾಯಿ ಇಟ್ಟು ಕೂಗಿದಳು. “ಏ ಜುಂಜೀ, ಆವತ್ತು ನಿನ್ನ ಕದಿರಿಗೆ ಭಾರಕ್ಕೆ ಕೊಟ್ನಲ್ಲ, ಆ ಸೀಸದ ಗುಂಡು, ಇತ್ತ ಕೊಡೇ!”

ಗೋಡೆಯೊಳಗಿಂದ ಹೆಂಗಸಿನ ಕೈಯೊಂದು ಹೊರಬಂದಿತು. ಕೈಯಲ್ಲಿ ನೂಲುವ ಕದಿರು. ಕದಿರಿನ ಬುಡದಲ್ಲಿ ಸೀಸದ ಗುಂಡು.

ಗಂಗಾಧರಪ್ಪನವರು ಮೊದಲು ಗುಂಡನ್ನು ನೋಡಿದರು. ಆಫೀಸಿನ ಗುರುತು ನೆಟ್ಟಗಿತ್ತು, ತಂತಿಯ ಎರಡು ತುದಿಗಳೂ ಅಡಕತ್ತರಿಯ ಕಚ್ಚಿನಲ್ಲಿ ಚಪ್ಪಟೆಯಾಗಿದ್ದವು. ಆಮೇಲೆ ಕೈಯನ್ನು ನೋಡಿದರು. ಆಮೇಲೆ ಬಗ್ಗಿ ಗೂಡಿನೊಳಗೆ ನೋಡಿದರು. ಆಚೆಯಿಂದ ಜುಂಜಮ್ಮ, “ಯಾರದು? ಕುಂತ್ಕಳ್ರಿ” ಎಂದಳು.

“ಇದು ಯಾರ ಮನೆ?”

ಮಾರಪ್ಪನೇ ಹೊರಗೆ ಹೋಗಿ ನೋಡಿ ಬಂದು, “ಹುಲ್ಲಿನ ಮಾಡು ಸ್ವಾಮಿ” ಎಂದು ನೆಲ ನೋಡಿದನು.

“ಸೀಲಿನ ವಿಷಯ ಬಿಡೋಣ” ಎಂದರು ಗಂಗಾಧರಪ್ಪನವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮರುಳಸಿದ್ದಮ್ಮನಿಗೆ ಅದೇ ಹೆಚ್ಚು ಭಯ ತಂದಿತು. “ಆದರೆ ಇದು ಬೇರೆ ಮಾತು. ಕರೆಂಟು ಕೊಟ್ಟಿರೋದು ಈ ಮನೆಗೆ.”

“ಕರೆಂಟು ಈ ಮನೇಲೇ ಐತೆ ಸ್ವಾಮಿ. ತಂತಿ ದಾಟಿಲ್ಲ, ಬಲ್ಬೂ ದಾಟಿಲ್ಲ.”

“ಬಲ್ಬು ಗೋಡೆ ನಡುವೆ ಐತೆ. ಅರ್ಧ ಅವರ ಮನೇಲಿ ಐತೆ. ಬಿಸಿ ಬಲ್ಬು, ಮೇಲೆ ಒಣಹುಲ್ಲು. ಒಂದು ಎಳೆ ಹುಲ್ಲು ಉದುರಿ ಗೂಡಿಗೆ ಬಿದ್ರೆ? ಅವರ ಮನೆ ಹೋಗ್ತೈತೆ, ಆಮೇಲೆ ನಿಮ್ಮದು, ಆಮೇಲೆ ಬೀದಿ.”

ಅಂದು ಮಾರಪ್ಪ ಬೆಂಕಿಯ ಮಾತು ಹೇಳಿದಾಗ ಮರುಳಸಿದ್ದಮ್ಮ ತಂತಿಯನ್ನಷ್ಟೇ ಹಿಡಿದುಕೊಂಡಿದ್ದಳು, ಇದನ್ನು ಯೋಚಿಸಿರಲಿಲ್ಲ. ಅವಳು ತಲೆ ಓರೆ ಮಾಡಲಿಲ್ಲ. ಗೂಡಿನ ಆಚೆ ಜುಂಜಮ್ಮನ ಮಾಡಿನ ಅಂಚು ಕಾಣುತ್ತಿತ್ತು. ಹುಲ್ಲಿನ ಎಳೆಗಳು ಗಾಳಿಗೆ ಅಲುಗುತ್ತಿದ್ದವು.

“ಮಾರಪ್ಪ, ಏಣಿ ಹಾಕು. ಲೈನ್ ಬಿಚ್ಚು.”

ಏಕಾಂತಪ್ಪ ಕಂಬಕ್ಕೆ ಒರಗಿದನು. ಗೂಡಿನೊಳಗೆ ಜುಂಜಮ್ಮನ ಮುಖ ಮೆಲ್ಲಗೆ ಹಿಂದಕ್ಕೆ ಸರಿಯಿತು. ಹೊರಗೆ ಬಿಸಿಲು ಬೆಟ್ಟ ಹತ್ತಿ ಆಚೆ ಇಳಿದಿತ್ತು. ಯಾರ ಮನೆಯಲ್ಲೋ ಗಂಟೆಯ ಸದ್ದು. ಬೀದಿಯ ಕಂಬದ ದೀಪ ಹತ್ತಿತು. ಅದನ್ನು ಕಂಡ ವೀರಮ್ಮ, ಮನೆಯಲ್ಲಿ ಏನಾಗುತ್ತಿದೆ ಎಂಬುದನ್ನೆಲ್ಲ ಮರೆತು, ಮುಸ್ಸಂಜೆಗೆ ದೀಪ ಹಚ್ಚುವ ಇಷ್ಟು ವರ್ಷಗಳ ಅಭ್ಯಾಸದಂತೆ ಹೋಗಿ ಗುಂಡಿ ಒತ್ತಿದಳು. ಗೂಡು ಬೆಳಗಿತು. ವೀರಮ್ಮ ಕೈ ಮುಗಿದಳು, ಏಕಾಂತಪ್ಪ ಮುಗಿದನು, ಮಾರಪ್ಪ ಏಣಿಯನ್ನು ಹೆಗಲಿಗೆ ಒರಗಿಸಿಕೊಂಡು ಮುಗಿದನು. ಗಂಗಾಧರಪ್ಪನವರ ಕೈಯೂ ಎದೆಯ ತನಕ ಏರಿತ್ತು.

“ಸ್ವಾಮಿ, ನಾನು ಬಿಚ್ಚಲ್ಲ” ಎಂದನು ಮಾರಪ್ಪ.

“ಏನೋ ಅದು?”

“ದೀಪ ಹಚ್ಚಿದ ಮನೆ ಸ್ವಾಮಿ. ಮುಸ್ಸಂಜೆಲಿ ದೀಪ ಆರಿಸಿ ಬಂದೋನು ಅಂತ ಗೊತ್ತಾದ್ರೆ ನನ್ನ ಹೆಂಡ್ತಿ ಬಾಗಿಲು ತೆಗೆಯಲ್ಲ. ಬೆಳಗ್ಗೆ ಬರಾಣ. ಬೆಳಗ್ಗೆ ಹೇಳಿದ್ರೆ ಕಂಬಾನೇ ಕಿತ್ತು ಕೊಡ್ತೀನಿ.”

ಗಂಗಾಧರಪ್ಪನವರು ಎದೆಯ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. “ಸರಿ. ಬೆಳಗ್ಗೆ ಬರ್ತೀವಿ. ಅಷ್ಟರೊಳಗೆ ಗೋಡೆಯ ತೂತು ಮುಚ್ಚಿರ್ಬೇಕು. ಮುಚ್ಚಿದ್ರೆ ಹೊಸ ಸೀಲ್ ಒತ್ತಿ ಹೋಗ್ತೀನಿ. ಮುಚ್ಚದಿದ್ರೆ ಲೈನ್ ಕಟ್. ಇದಕ್ಕಿಂತ ಹೆಚ್ಚಿಗೆ ನನ್ನ ಕೈಲಿ ಆಗಲ್ಲಮ್ಮ.” ಮರುಳಸಿದ್ದಮ್ಮ ಕೊಟ್ಟ ಹಾಲನ್ನು ನಿಂತೇ ಕುಡಿದು ಅವರು ಹೊರಟರು.

ಅವರು ಹೋದ ಮೇಲೆ ಏಕಾಂತಪ್ಪ ಹಿತ್ತಲಿಗೆ ಹೋಗಿ ಮಣ್ಣು ಕಲಸತೊಡಗಿದನು. ಆಚೆಯ ಮನೆಯಲ್ಲಿ ಏನೋ ಸರಿದಾಡುವ ಸದ್ದು. ಮರುಳಸಿದ್ದಮ್ಮ ಬಗ್ಗಿ ನೋಡಿದಳು. ಜುಂಜಮ್ಮ ಕಂಬಳಿಯೊಂದನ್ನು ನೆಲದ ಮೇಲೆ ಹರಡಿ ಅದರಲ್ಲಿ ತನ್ನ ಎರಡು ಸೀರೆ, ಕದಿರು, ಉಣ್ಣೆಯ ಉಂಡೆ ಇಟ್ಟು ಗಂಟು ಕಟ್ಟುತ್ತಿದ್ದಳು.

“ಏನ್ ಮಾಡ್ತಿದ್ದೀಯ ಜುಂಜಕ್ಕ?”

“ಬೆಳಕಿರೋವಾಗಲೇ ಕಟ್ಟಿಕೊಂಡ್ರೆ ಸಲೀಸಲ್ವಾ” ಎಂದಳು ಜುಂಜಮ್ಮ. ಗಂಟು ಬಿಗಿದು, ಅದರ ಮೇಲೆ ಕೈಯಾಡಿಸಿ, ಕಂಬಳಿಯ ಹೊಲಿಗೆ ಎಲ್ಲಿದೆ ಎಂದು ಬೆರಳಲ್ಲಿ ಹುಡುಕಿದಳು. ಸಿಗಲಿಲ್ಲ. ಅದಕ್ಕೆ ಸ್ವಲ್ಪ ನಕ್ಕಳು. ಮರುಳಸಿದ್ದಮ್ಮನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವಳು ಬಾಗಿಲ ಬಳಿ ಬಂದು ಮೀಟರಿನ ಎದುರು ನಿಂತಳು. ಚಕ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಓವರ್‌ಸೀಯರ್ ಗಾಜಿನ ವಿಭೂತಿಯನ್ನು ಒಂದು ಬೆರಳಗಲ ಒರೆಸಿಕೊಂಡು ಅಂಕಿ ನೋಡಿದ್ದರು. ಆ ಒರೆಸಿದ ಜಾಗದಲ್ಲಿ ಒಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಪೆಟ್ಟಿಗೆ ಮುಚ್ಚಿತ್ತು. ಮುಚ್ಚಿಯೇ ಇರಬೇಕೆಂದು ಸರ್ಕಾರವೇ ಹೇಳುತ್ತಿತ್ತು. ಮುಚ್ಚಿದ್ದರೂ ಒಳಗಿನ ಬೆಳ್ಳಿ ಬಿಲ್ಲೆ ಫಳಫಳ ಹೊಳೆಯುತ್ತಿತ್ತು.

ಅವಳ ತಲೆ ಒಂದಿಷ್ಟು ಓರೆಯಾಯಿತು.

“ಅತ್ತೆ, ಮನೇಲಿ ಗಾಜು ಎಲ್ಲೈತೆ?”

ವೀರಮ್ಮ ದೇವರ ಮುಂದೆ ಕುಳಿತಿದ್ದಳು. ಸೀಲು ಕತ್ತರಿಸಿದ್ದು ತಾನು, ಗೂಡು ತೋರಿಸಿಕೊಟ್ಟದ್ದೂ ತಾನು ಎಂಬುದು ಅವಳಿಗೆ ಅಷ್ಟು ಹೊತ್ತಿಗೆ ಒಳಗೆ ಇಳಿದಿತ್ತು. ಬಾಯಿಬಿಟ್ಟು ಹೇಳುವ ಹೆಂಗಸಲ್ಲ. ಸೊಸೆಯ ಮಾತು ಕೇಳಿ ಅವಳು ತಲೆ ಎತ್ತಿ ಎದುರಿನ ಗೋಡೆ ನೋಡಿದಳು. ಅಲ್ಲಿ ಶಿವಪಾರ್ವತಿಯರ ದೊಡ್ಡ ಪಟ ಇತ್ತು. ಗಂಡ ಬದುಕಿದ್ದಾಗ ದಾವಣಗೆರೆಯಿಂದ ಎತ್ತಿನ ಗಾಡಿಯಲ್ಲಿ, ಹುಲ್ಲಿನ ನಡುವೆ ಇಟ್ಟು, ದಾರಿಯುದ್ದಕ್ಕೂ ಕೈಯಲ್ಲಿ ಹಿಡಿದುಕೊಂಡು ತಂದದ್ದು. ಆ ಗಾಜನ್ನು ಸೊಸೆ ಒರೆಸಲೂ ವೀರಮ್ಮ ಬಿಟ್ಟಿರಲಿಲ್ಲ.

ವೀರಮ್ಮ ಎದ್ದು ಪಟವನ್ನು ಇಳಿಸಿದಳು. ಹಿಂದಿನ ಹಲಗೆಯ ಮೊಳೆಗಳನ್ನು ಅದೇ ಅಡಕತ್ತರಿಯಿಂದ ಒಂದೊಂದಾಗಿ ಮೀಟಿದಳು. ಗಾಜನ್ನು ಸೆರಗಿನಲ್ಲಿ ಹಿಡಿದು ಸೊಸೆಯ ಕೈಗೆ ಕೊಟ್ಟು, “ಸ್ವಾಮಿಗೂ ಸ್ವಲ್ಪ ಗಾಳಿ ಆಡ್ಲಿ” ಎಂದಳು.

ಗಾಜನ್ನು ಗೂಡಿಗೆ ಹಿಡಿದು ನೋಡಿದರು. ಅಗಲಕ್ಕೆ ಸರಿ ಕೂತಿತು. ಎತ್ತರಕ್ಕೆ ಒಂದು ಬೆರಳು ಸಾಲದಾಯಿತು. ಏಕಾಂತಪ್ಪ ಕಲಸಿದ ಮಣ್ಣಿನ ಪುಟ್ಟಿ ಹಿಡಿದುಕೊಂಡು ಬಂದು, “ಕೆಳಗೆ ಮಣ್ಣು ತುಂಬಿ ಸರಿ ಮಾಡ್ತೀನಿ” ಎಂದನು.

“ಮೂರು ಕಡೆ ಹಚ್ಚಿರಿ. ಕೆಳಗೆ ಬ್ಯಾಡ” ಎಂದಳು ಮರುಳಸಿದ್ದಮ್ಮ.

ಬೆಳಗ್ಗೆ ಗಂಗಾಧರಪ್ಪನವರು ಬಂದಾಗ ಮಣ್ಣು ಇನ್ನೂ ಹಸಿಯಾಗಿತ್ತು. ಅವರು ಗಾಜಿನ ಮುಂದೆ ನಿಂತರು. ಗಾಜಿನ ಆಚೆಯಿಂದ ಜುಂಜಮ್ಮ, ಪಕ್ಕದಲ್ಲಿ ಗಂಟು ಇಟ್ಟುಕೊಂಡು, ಅವರನ್ನೇ ನೋಡುತ್ತಿದ್ದಳು.

“ಮುಚ್ಚಿ ಅಂದಿದ್ದೆ ನಾನು.”

“ಮುಚ್ಚೀವಿ ಸ್ವಾಮಿ. ನಿಮ್ಮ ಮೀಟರ್ ಮುಚ್ಚಿಲ್ವಾ, ಹಂಗೇ ಮುಚ್ಚೀವಿ. ಈಗ ಹುಲ್ಲು ಉದುರಿದ್ರೂ ಈ ಕಡೆ ಬರಲ್ಲ.” ಮರುಳಸಿದ್ದಮ್ಮ ಗಾಜಿನ ಆಚೆಯ ಗಂಟಿನತ್ತ ಬೆರಳು ತೋರಿಸಿದಳು. “ಆಯಮ್ಮ ಈ ಬೆಳಕಿನಾಗೇ ಹೊಲಿಯೋದು. ಬೆಳಕಿಲ್ಲಾಂದ್ರೆ ಊರು ಬಿಡ್ತಾಳೆ.”

ಗಂಗಾಧರಪ್ಪನವರು ಗಾಜಿಗೆ ಬೆರಳು ತಾಗಿಸಿ ತಳ್ಳಿ ನೋಡಿದರು. ಮೇಲೆ, ಎಡಕ್ಕೆ, ಬಲಕ್ಕೆ ಮಣ್ಣಿನ ಅಂಚು ತಡವಿದರು. ಬೀದಿಯಲ್ಲಿ ಕುರಿಮಂದೆಯೊಂದು ಹಾದುಹೋಗುವ ಸದ್ದು ಬಂದಿತು, ಹೋಯಿತು.

“ಗಾಜು ಕೂರಿಸಿರೋ ಜಾಗ ತಪ್ಪು” ಎಂದರು ಕೊನೆಗೆ.

ಏಕಾಂತಪ್ಪ ಕಣ್ಣು ಮುಚ್ಚಿದನು.

“ನಡುವೆ ಕೂರಿಸಿದ್ದೀರಿ. ಬಲ್ಬಿಗೆ ತಾಗ್ತೈತೆ, ಬಿಸಿಗೆ ಸೀಳು ಬಿಡ್ತೈತೆ. ಪೂರ್ತಿ ಅವರ ಕಡೆ ಅಂಚಿಗೆ ತಳ್ಳಿ. ಆಗ ಗೂಡು ಅಷ್ಟೂ ನಿಮ್ಮ ಮನೆ ಗೂಡು, ಬಲ್ಬು ನಿಮ್ಮ ಮನೆ ಬಲ್ಬು.” ಕೋಟಿನ ತೋಳು ಮೇಲೇರಿಸಿ ಅವರೇ ಮೊಳೆಯನ್ನು ಕಿತ್ತು ಈಚೆ ಬಡಿದು ತಂತಿ ಸಿಕ್ಕಿಸಿದರು. ಏಕಾಂತಪ್ಪ ಆಚೆ ಮನೆಗೆ ಓಡಿ ಗಾಜನ್ನು ಅಂಚಿಗೆ ಕೂರಿಸಿ ಹಿಡಿದನು. ಅವನ ಮುಖ ಗಾಜಿನ ಹಿಂದೆ, ಪಟದೊಳಗಿನ ದೇವರ ಹಾಗೆ, ಗಂಭೀರವಾಗಿ ಕಾಣಿಸಿತು. ಮಾರಪ್ಪ ಮತ್ತೆ ಏಣಿಯ ಹಿಂದೆ ಹೋದನು.

ಗಂಗಾಧರಪ್ಪನವರು ಕೆಳಗಿನ ಸಂದಿನಲ್ಲಿ ಕಿರುಬೆರಳು ತೂರಿಸಿದರು. “ಇದ್ಯಾಕೆ ಬಿಟ್ರಿ? ಗಾಳಿಗಾ?”

“ದಬ್ಬಣಕ್ಕೆ” ಎಂದಳು ಮರುಳಸಿದ್ದಮ್ಮ. “ಆಯಮ್ಮಂಗೆ ದಾರ ಪೋಣಿಸೋಕೆ ಬರಲ್ಲ.”

ಅವರು ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಮೀಟರಿನ ಕಡೆಗೆ ನಡೆದರು. “ಬೆಳಕಿಗೆ ಮೀಟರು ಇನ್ನೂ ಬಂದಿಲ್ಲ ಬಿಡಿ” ಎಂದು ತಮಗೆ ತಾವೇ ಎಂಬಂತೆ ಹೇಳಿ, ಚೀಲದಿಂದ ಹೊಸ ಗುಂಡು ತೆಗೆದು, ಇಕ್ಕಳದಲ್ಲಿ ಒತ್ತಿ ಸೀಲು ಹಾಕಿದರು. ಅರಿಸಿನದ ಕೊಂಬನ್ನು ಬಿಚ್ಚಲಿಲ್ಲ. ಅದರ ಪಕ್ಕದಲ್ಲೇ ಗುಂಡು ಜೋತಾಡಿತು. ಹೊರಡುವಾಗ ವೀರಮ್ಮನ ಕಡೆ ತಿರುಗಿ, “ಅಜ್ಜಿ, ಇದನ್ನ ಇನ್ನು ಮುಟ್ಟಬಾರ್ದು” ಎಂದರು.

“ಇನ್ನೊಂದು ಸಲ ಹೇಳಪ್ಪ” ಎಂದಳು ವೀರಮ್ಮ.

“ಮುಟ್ಟಬಾರ್ದು.”

“ಮುಟ್ಟಲ್ಲ ಬಿಡು.”

ಆ ಸಂಜೆ ದೀಪ ಹತ್ತಿದಾಗ ಗೂಡಿನ ಗಾಜು ಒಂದು ಸಣ್ಣ ಕೆರೆಯ ಹಾಗೆ ಬೆಳಗಿತು. ಜುಂಜಮ್ಮನ ಮುಖ ಕಾಣುತ್ತಿತ್ತು, ಮಾತು ಮಾತ್ರ ಮೊದಲಿನ ಹಾಗೆ ಕೇಳುತ್ತಿರಲಿಲ್ಲ. ವೀರಮ್ಮ ಎರಡು ಸಲ ಗಾಜಿಗೆ ಬಾಯಿ ಹಚ್ಚಿ ಕೂಗಿ ನೋಡಿ, ಬೇಸರಪಟ್ಟು, ಮಣೆಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಇಷ್ಟು ವರ್ಷ ಪಕ್ಕದಲ್ಲಿದ್ದರೂ ಅವಳು ಜುಂಜಮ್ಮನ ಮನೆಗೆ ಹೋದದ್ದು ಅಂದೇ ಮೊದಲು. ಹೋಗುವ ಮುನ್ನ ಮೀಟರಿನ ಎದುರು, ಮೊಳದಷ್ಟು ದೂರದಲ್ಲಿ ನಿಂತು, ಅಂಗೈಯ ವಿಭೂತಿಯನ್ನು ಹೊಸ ಸೀಲಿನ ಮೇಲೆ ಫೂ ಎಂದು ಊದಿದಳು. ಮರುಳಸಿದ್ದಮ್ಮ ನೋಡಿಯೂ ನೋಡದವಳಂತೆ ಅವರೆಕಾಯಿ ಸುಲಿದಳು.

ಗಾಜಿನ ಆಚೆ ಗಂಟು ಬಿಚ್ಚಿಕೊಂಡಿತು. ಸೀರೆಗಳು ಹಗ್ಗದ ಮೇಲೆ ಹೋದವು, ಕದಿರು ಮೂಲೆಗೆ ಹೋಯಿತು, ಕಂಬಳಿ ಜುಂಜಮ್ಮನ ಮೊಣಕಾಲ ಮೇಲೆ ಹರಡಿತು.

ಗಾಜಿನ ಮೇಲೆ ಟಕಟಕ ಸದ್ದಾಯಿತು. ಸಂದಿನಿಂದ ಬರಿಯ ದಬ್ಬಣವೊಂದು ಈಚೆ ತೂರಿ ಬಂದಿತು. ಮರುಳಸಿದ್ದಮ್ಮ ಅದನ್ನು ಬಲ್ಬಿನ ಬೆಳಕಿಗೆ ಎತ್ತಿ ಹಿಡಿದು, ಕರಿಯ ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿದಳು.